ಕುಡಿಯೂ ನೀರು, ಬಳಸೂ ನೀರು

ಗದಗಿನಾಗ ನಮ್ಮ ಓಣಿಗೆ ನಳ ಬರೂದು
ಒಂಬತ್ತು ದಿನಕ್ಕೊಮ್ಮೆ.
ಕುಡಿಯೂ ನೀರು ತಾಮ್ರದ ಕೊಡಕ್ಕ,
ಬಳಸೂ ನೀರು ಹಿತ್ತಲ ಟಾಕಿಗೆ,
ಅಕ್ಕಿ ತೊಳದದ್ದು ಕರಿಬೇವಿನ ಗಿಡಕ್ಕ.
ಹಿಂಗ ಲೆಕ್ಕ ಹಾಕಿ ಬದುಕಿದಾಕಿ ನಾನು.
ಮಾತಿಗೂ ಅದ ಲೆಕ್ಕ.

ಪ್ರೆಸ್ಸಿನಾಗ ದಿನಾ ಎಂಟು ತಾಸು
ಮಂದಿ ಬರದದ್ದರಾಗಿನ ತಪ್ಪು ಆರಸ್ತೀನಿ.
ಅಲ್ಪಪ್ರಾಣದ ಹೊಟ್ಟಿ ಸೀಳಿ ಮಹಾಪ್ರಾಣ ಮಾಡ್ತೀನಿ,
ಲಗ್ನಪತ್ರದಿಂದ ಜಾರಿಬಿದ್ದ ಸೋದರಮಾವನ್ನ ಹುಡುಕಿ
ಮತ್ತ ಸಾಲಿನೊಳಗ ಕೂಡಸ್ತೀನಿ.
ಅಲ್ಲಿ ನನ್ನ ಯಾರೂ ಮಾತಾಡಸೂದಿಲ್ಲ,
ಎಲ್ಲಾರ ಪರವಾಗಿ ಮಷೀನ ಮಾತಾಡ್ತದ.

ಐತವಾರ ರಾತ್ರಿ ಒಂಬತ್ತಕ್ಕ ಮಾತ್ರ
ಹಾಸ್ಟೆಲ್ಲಿನ ಗೆಳತ್ಯಾರು, ನನ್ನೂ ಸೇರಿ ಹದಿನಾಲ್ಕು ಮಂದಿ,
ಫೋನಿನ ಗಾಜಿನೊಳಗ ಬಂದು ಕೂಡ್ತೀವಿ
ಕಪಾಟಿನ ಖಾನೆಯೊಳಗಿನ ಬರಣಿಗಳಂಗ,
ಎಲ್ಲಾ ಬರಣಿಯ ಮುಚ್ಚಳ ತಗದದ್ದು.
ದಾಕ್ಷಾಯಣಿ ಹೊಂಬಳ, ಆಗ ಪ್ರಾರ್ಥನಾ ಗಂಟಿ ಹೊಡೀತಿದ್ದಾಕಿ,
ಈಗೂ ಆಕಿದ ಗಂಟಿ:
"ಏ ಕಸ್ತೂರೀ, ಮಾರಿ ತೋರಸವಾ!
ಹೊಸಾ ಮದುಮಗಳೇನ ನೀ?"

ತೋರಸ್ತೀನಿ.
ಮೊದಲ ಹತ್ತು ನಿಮಿಷ ಕೊಡ ತುಂಬಿರ್ತದ.
ಸರೋಜಾನ ಮಗಳ ನೌಕರಿಗೆ ಒಂದು ತಂಬಿಗಿ,
ಶೈಲಾನ ಮೊಣಕಾಲ ಆಪರೇಷನ್ನಿಗೆ ಒಂದು,
ಎಲ್ಲಾರೂ ಒಮ್ಮೆಲೆ ನಕ್ಕಾಗ
ಅರ್ಧ ಗಳಿಗಿ ತಡಾ ಮಾಡಿ ನಗೂದಕ್ಕ ಎರಡು.
ಎದುರಾಬದುರು ಕೂತಿದ್ರ
ಕಣ್ಣು ಅಂಗಳಕ್ಕ ಒಯ್ಯಬಹುದಿತ್ತು,
ಚಹಾದ ಕಪ್ಪು ತೊಳ್ಯಾಕ ಏಳಬಹುದಿತ್ತು.
ಇಲ್ಲಿ ಹದಿಮೂರು ಮಾರಿ,
ಮತ್ತ ಮೂಲ್ಯಾಗ ನನ್ನದ ಮಾರಿ.
ಅದಂತೂ ನನ್ನ ಬಿಟ್ಟು ಕಣ್ಣ ಕೀಳವಲ್ದು.

ಉಪಾಯ ಕಲತೇನಿ.
ಕುರ್ಚಿ ಕಿಡಕಿ ಕಡೆ ಹೊಳ್ಳಸ್ತೀನಿ.
ಮರದಾಗ ಶೇಂಗಾ ಇಟಗೊಂಡು ಸುಲೀತೀನಿ,
ಕೈ ನಡದಿದ್ರ ಬಾಯಿ ನಿಂತದ್ದು ಕಾಣೂದಿಲ್ಲ.
ದನಿ ಅರ್ಧಕ್ಕ ಇಳಸ್ತೀನಿ:
ಮಾತು ದೂರದ ಸಂತಿ ಆಗ್ತದ, ಆಗ ಹಿತಾ ಅನಸ್ತದ.
ಇಪ್ಪತ್ತನೇ ನಿಮಿಷಕ್ಕ ಕ್ಯಾಮೆರಾ ಬಂದ್.
"ನೆಟ್‌ವರ್ಕ್ ಇಲ್ಲವಾ" ಅಂತೀನಿ.
ಮುಂದಿನ ವಾರ "ಚಾರ್ಜು ಇಲ್ಲ".
ಅದರ ಮುಂದಿನ ವಾರ "ನಳ ಬಂತು".
ಆ ಸುಳ್ಳಿನ ರುಚಿ ಹತ್ತಿ
ಮೂರು ಐತವಾರ ಸಾಲಾಗಿ ನಳ ಬಿಟ್ಟೆ.
ಶೈಲಾ ಅಂದಳು,
"ಎಷ್ಟರ ಪುಣ್ಯದ ಓಣಿ ಅದ ನಿಮ್ಮದು,
ನಾವೂ ಅಲ್ಲೇ ಮನಿ ಹಿಡೀತೀವಿ ತಡಿ."
ನಕ್ಕರು.
ನಾನೂ ನಕ್ಕೆ, ಕ್ಯಾಮೆರಾದ ಈಚೆ, ಕತ್ತಲಾಗ.

ಪ್ರೀತಿ ಇಲ್ಲಂತಲ್ಲ.
ಟೈಫಾಯ್ಡ್ ಬಂದಾಗ ಇದ ದಾಕ್ಷಾಯಣಿ
ಮೂರು ರಾತ್ರಿ ನನ್ನ ಹಣಿ ಮ್ಯಾಲಿನ ಹಸಿ ಅರಿವಿ ಬದಲಿಸ್ಯಾಳ.
ಮರತಿಲ್ಲ.
ಟಾಕಿ ಸಣ್ಣದು, ಅಷ್ಟ.

ಹ್ವಾದ ವಾರ ಗದ್ದಲ ಮುಗೀತು.
"ಬರ್ತೀನವಾ, ಬರ್ತೀನಿ" ಅನ್ನೂದರಾಗ ಮತ್ತ ಕಾಲು ತಾಸು.
ಒಂದೊಂದ ಖಾನೆ ಖಾಲಿ ಆತು.
ಕೆಂಪು ಗುಂಡಿ ಒತ್ತಬೇಕು,
ನೋಡಿದ್ರ ಇನ್ನೊಬ್ಬಾಕಿ ಕೂತಾಳ:
ಮೆಹಬೂಬಿ ನಾಲಬಂದ, ಬೆಟಗೇರಿಯಾಕಿ.
ಇಡೀ ಹೊತ್ತು ಆಕಿ ದನಿ ಕೇಳಿರಲಿಲ್ಲ.
ಕೇಳಿಲ್ಲ ಅನ್ನೂದೂ ನನಗ ತಿಳದಿರಲಿಲ್ಲ.
ತಲಿ ಬಗ್ಗಿಸಿ ಮೆಂತ್ಯಾಪಲ್ಲೆ ಸೋಸಾಕತ್ತಿದ್ದಳು.

"ಅದೀಯೇನು?"
"ಅದೀನಿ."

ಆಕಿ ಎಲಿ ಬಿಡಸ್ತಾಳ,
ನಾ ಕಾಳು ಬಿಡಸ್ತೀನಿ.
ಇಬ್ಬರೂ ಏನೂ ಕೇಳಲಿಲ್ಲ, ಹೇಳಲಿಲ್ಲ.
ಆಕಿ ಮನಿ ಗಡಿಯಾರ ಹನ್ನೊಂದು ಹೊಡೀತು,
ನಮ್ಮದು ಅದಕ್ಕಿಂತ ನಾಕು ನಿಮಿಷ ಹಿಂದ,
ಅದೂ ಹೊಡೀತು.
ಕ್ಯಾಮೆರಾ ಯಾವಾಗ ಚಾಲೂ ಮಾಡಿದೆನೋ,
ನೆನಪಿಲ್ಲ.

ಆಮ್ಯಾಲ ಆಕಿ ಕಡೆಯಿಂದ ಸುಂಯ್ ಅಂತ ಒಂದು ಸಪ್ಪಳ.
ನಳದಾಗ ಗಾಳಿ.
ನೀರಿಗಿಂತ ಮೊದಲ ಬರ್ತದಲ್ಲ, ಆ ಗಾಳಿ.
ಮೆಹಬೂಬಿ ಪಲ್ಲೆ ಕೆಳಗಿಟ್ಟು ಕಿವಿಗೊಟ್ಟಳು.
ನಾನೂ ಕೊಟ್ಟೆ.

"ನಿಮ್ಮ ಓಣಿಗೆ ನಾಳೆ ಇರಬೇಕು" ಅಂದಳು.
"ಹೂಂ" ಅಂದೆ.

ಫೋನು ಕಟ್ಟಿ ಮ್ಯಾಲ ಬಿಟ್ಟು ಕೊಡ ತರಾಕ ಹ್ವಾದಳು.
ಪರದೆ ತುಂಬ ಬರೇ ಒಂದು ಗ್ವಾಡಿ, ಒಂದು ಮೊಳಿ,
ಮೊಳಿಗೆ ತೂಗಬಿದ್ದ ಜರಡಿ.
ಖಾಲಿ ತಾಮ್ರದ ತಳಕ್ಕ ಮೊದಲ ಧಾರಿ ಬಿತ್ತು.
ದನಿ ಇಳಸಲಿಲ್ಲ ನಾನು.